ಗಾಳಿ ಮಾಪಕ

ಸ್ಮರಣ ಸಂಚಿಕೆಗೆ ಕೂಟದ ಚರಿತ್ರೆ ಬರೆದುಕೊಡಿ ಮಾಸ್ಟ್ರೇ,
ಒಂದೇ ಪುಟ ಸಾಕು, ಅಂದರು.
ಕೂತೆ.

ಮೊದಲ ವರ್ಷ ಅಂತರರಾಷ್ಟ್ರೀಯ ಅನ್ನುವುದು
ಬ್ಯಾನರಿನಲ್ಲಷ್ಟೇ ಇತ್ತು.
ಕೊಲಂಬೊದವರು ಬರುತ್ತೇವೆಂದು ಬರಲಿಲ್ಲ.
ಪಣಂಬೂರಿನಲ್ಲಿ ಅದಿರಿಗೆ ಕಾದು ನಿಂತ ಹಡಗಿಂದ
ಇಬ್ಬರು ಫಿಲಿಪ್ಪೀನೋ ನಾವಿಕರನ್ನು
ದೂಮಣ್ಣ ರಿಕ್ಷಾದಲ್ಲಿ ತುಂಬಿಕೊಂಡು ಬಂದ.
ಒಬ್ಬ ಗುಂಡೆಸೆದ. ಇನ್ನೊಬ್ಬ
ನಾನೂರು ಮೀಟರಿನ ಅರ್ಧಕ್ಕೇ ಕೂತು
ಸೀಯಾಳ ಕೇಳಿದ.
ಅಂತೂ ಆಯಿತಲ್ಲ ಅಂತರರಾಷ್ಟ್ರೀಯ!

ಆಗ ಮಂಗಳಾ ಕ್ರೀಡಾಂಗಣ ಬರೀ ಕೆಂಪು ಮಣ್ಣು.
ಸುಣ್ಣದ ಗೆರೆ ಎಳೆಯುತ್ತಿದ್ದ ಲಾದ್ರು ಡಿಸೋಜರು
ಪ್ರತಿ ಗೆರೆ ಮುಗಿದ ಮೇಲೆ ಶಿಲುಬೆ ಹಾಕಿಕೊಳ್ಳುವರು.
ನನಗೆ ಕೊಟ್ಟದ್ದು ಗಾಳಿಯ ಕೆಲಸ:
ಒಂದು ಮುಕ್ಕಾಲಿ, ಒಂದು ಪಂಖ, ಒಂದು ಮುಳ್ಳು.

ಮೂರನೇ ವರ್ಷ ಶ್ರೀಲಂಕಾ, ಐದನೇ ವರ್ಷ ಕೀನ್ಯಾ,
ಅದೇ ವರ್ಷ ಬೆಂಗರೆಯ ವಾರಿಜ ಕರ್ಕೇರ.
ಶೂ ಎರವಲು, ಹೆಬ್ಬೆರಳಿನ ಕಡೆ ಕಾಗದ ತುರುಕಿದ್ದು.
ಸಂಜೆ ನಾಲ್ಕೂವರೆ. ಪಡ್ಡಾಯಿ ಗಾಳಿ ಎದ್ದ ಹೊತ್ತು.
ನೂರು ಮೀಟರ್ ಅವಳು ಓಡಿದ್ದನ್ನು
ನಾನು ನೋಡಲೇ ಇಲ್ಲ.
ನೋಡಿದ್ದು ಮುಳ್ಳನ್ನು.
ಎರಡರ ಮೇಲೆ ನಡುಗುತ್ತಿತ್ತು,
ದಾಟಿದಂತೆ, ದಾಟದಂತೆ.

ಎರಡು ಅಂದರೆ ದಾಖಲೆ.
ಎರಡು ಪಾಯಿಂಟ್ ಒಂದು ಅಂದರೆ
ಅವಳನ್ನು ಓಡಿಸಿದ್ದು ಗಾಳಿ.
ನಿಷ್ಠುರ ಮನುಷ್ಯ ಎಂದು ಊರಲ್ಲಿ ಹೆಸರಿತ್ತು ನನಗೆ.
ಒಂದು ಬರೆದೆ.

ಪದಕ ಕೊಟ್ಟರು; ಹೆಸರು ಫಲಕಕ್ಕೆ ಏರಲಿಲ್ಲ.
ಅವಳು ಬಂದು, ಸಿಟ್ಟಿಲ್ಲದೆ ಕೇಳಿದಳು:
'ಗಾಳಿ ಎಂಕ್ಲೆನವೇ ಅತ್ತಾ ಮಾಸ್ಟ್ರೇ?'
ನಮ್ಮದೇ ಅಲ್ಲವೇ ಗಾಳಿ.
ನಿಯಮ ಪುಸ್ತಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಆಮೇಲೆ ಸಿಂಥೆಟಿಕ್ ಬಂತು, ಫ್ಲಡ್‌ಲೈಟು ಬಂತು,
ಹದಿನಾಲ್ಕು ದೇಶದ ಬಾವುಟ,
ಉಜ್ಬೆಕ್ ಹುಡುಗಿಯರಿಗೆ ನೀರುದೋಸೆ.
ಗಾಳಿಯನ್ನೀಗ ಯಂತ್ರವೇ ಓದುತ್ತದೆ,
ಅದರ ಮುಳ್ಳು ನಡುಗುವುದಿಲ್ಲ,
ಮುಳ್ಳೇ ಇಲ್ಲ.

ಬರೆದದ್ದು ಮೂರು ಪುಟ.
ಸಮಿತಿಯವರು ನಾವಿಕರನ್ನು ಉಳಿಸಿಕೊಂಡು
ಮುಳ್ಳನ್ನು ತೆಗೆದರು. ಜಾಗ ಇಲ್ಲವಂತೆ.

ಕೆಲವು ಭಾನುವಾರ ಸುಮ್ಮನೆ ಬೆಂಗರೆಯ ಕಡವು ದಾಟುತ್ತೇನೆ.
ಟಿಕೇಟು ಹರಿಯುವವಳು ಅವಳೇ,
ಚಿಲ್ಲರೆ ಎಣಿಸುತ್ತಾ, ತಲೆ ಎತ್ತದೆ ಕೇಳುತ್ತಾಳೆ:
'ಇವತ್ತೆಷ್ಟುಂಟು ಮಾಸ್ಟ್ರೇ?'
ಬೆರಳಿಗೆ ಎಂಜಲು ಹಚ್ಚಿ ಎತ್ತಿ ಹಿಡಿಯುತ್ತೇನೆ.
ಪಡುವಣದ ಮಗ್ಗುಲು ತಣ್ಣಗಾಗುತ್ತದೆ.
ಅಂಕಿ ಹೇಳುವುದಿಲ್ಲ.
ದೋಣಿ ಬಿಡುತ್ತದೆ.