ಜಾರುವ ಅಂಗಳ

ನನ್ನ ಲೈಸೆನ್ಸಿಗೆ ಇನ್ನೂ ಹಾಲುಹಲ್ಲು,
ಏಳು ತಿಂಗಳು.
ಹಿಂದಿನ ಗಾಜಿನ ಮೇಲೆ ಹಸಿರು ಮೇಪಲ್ ಎಲೆಯ ಬಿಲ್ಲೆ,
ಎಸ್ಟೋನಿಯಾದಲ್ಲಿ ಹೊಸಬರ ಹಣೆಪಟ್ಟಿ.
ನವೆಂಬರಿನಲ್ಲಿ ಮರಗಳೆಲ್ಲ ಬೋಳಾದರೂ
ಇದೊಂದು ಎಲೆ ಉದುರುವುದಿಲ್ಲ
ಎರಡು ವರ್ಷ.

ರಾಪ್ಲಾದಾಚೆ, ಹಳೆಯ ವಿಮಾನಪಟ್ಟಿಯ ಮೇಲೆ
ನೀರು ಹನಿಸಿ ಹನಿಸಿ
ಒಂದು ಸುಳ್ಳು ಚಳಿಗಾಲ ಮಾಡಿಟ್ಟಿದ್ದಾರೆ.
ನಾವು ಐವರು.
ಹದಿಮೂರಕ್ಕೇ ಟ್ರ್ಯಾಕ್ಟರ್ ಓಡಿಸಿದವನು ತಾನೆಂದು
ರಾಸ್ಮುಸ್ ಮೂರು ಸಲ ಹೇಳಿದ.
ಹೆಲ್ಡುರ್ ಮೇಷ್ಟ್ರು ಮೂರು ಸಲವೂ ತಲೆಯಾಡಿಸಿದರು.
ಮೂವತ್ತು ವರ್ಷ ಬಸ್ಸು ಓಡಿಸಿದ ಕೈ ಅವರದು,
ಥರ್ಮಾಸಿನಿಂದ ಕಾಫಿ ಬಗ್ಗಿಸಿದರೆ
ಗಾಳಿಯಲ್ಲೂ ಒಂದು ಹನಿ ತುಳುಕದು.

"ಐವತ್ತರಲ್ಲಿ ಬಾ. ಗೆರೆ ದಾಟಿದ ಕೂಡಲೇ ಬ್ರೇಕ್ ಒತ್ತು.
ಒತ್ತಿದ ಕಾಲು ತೆಗೆಯಬೇಡ."
ಒತ್ತಿದೆ. ಪಾದದಡಿ ಪೆಡಲು ಗಡಗಡ,
ಹೆದರಿದ ಕೋಳಿಯನ್ನು ಅದುಮಿ ಹಿಡಿದ ಹಾಗೆ.
ತೆಗೆದೇಬಿಟ್ಟೆ.
"ಅದು ಕಾರು ಯೋಚಿಸುವ ಸದ್ದು," ರೇಡಿಯೋದಲ್ಲಿ ಅವರ ದನಿ,
"ಅದು ಯೋಚಿಸುವಾಗ ನೀನು ನಡುವೆ ಬಾಯಿ ಹಾಕಬೇಡ."

ಆಮೇಲೆ ಸ್ಪಂಜಿನ ಕಡವೆ.
ಒಂದು ಕೊಂಬನ್ನು ಹೋದ ಶನಿವಾರ ಯಾರೋ ಮುರಿದಿದ್ದರು,
ಟೇಪು ಸುತ್ತಿ ನಿಲ್ಲಿಸಿದ್ದರು ದಾರಿಯ ನಟ್ಟನಡುವೆ.
ನೋಡಿದೆ. ಅದನ್ನೇ ನೋಡಿದೆ.
ಗುದ್ದಬಾರದು ಗುದ್ದಬಾರದು ಎಂದುಕೊಳ್ಳುತ್ತಲೇ
ಸರಿಯಾಗಿ ಎದೆಗೇ ಗುದ್ದಿದೆ.

ಹೆಲ್ಡುರ್ ಬಂದು ಎತ್ತಿ ನಿಲ್ಲಿಸಿದರು,
ಬಿದ್ದ ಮಗುವಿನ ಮೊಣಕಾಲು ಒರೆಸಿದಂತೆ
ಅದರ ಮುಂಗಾಲು ಒರೆಸಿದರು.
"ಕಣ್ಣು ಹೋದ ಕಡೆ ಕೈ, ಕೈ ಹೋದ ಕಡೆ ಗಾಲಿ.
ಕಡವೆಯನ್ನು ನೋಡಬೇಡ ಹುಡುಗಿ,
ಅದರ ಪಕ್ಕದ ಖಾಲಿಯನ್ನು ನೋಡು."

ಖಾಲಿಯನ್ನು ನೋಡುವುದು ಹೇಗೆ?
ಬಿಸಿ ಒಲೆ ನೋಡು, ನಾಯಿ ನೋಡು,
ಮೆಟ್ಟಿಲ ತುದಿ ನೋಡು, ಅವನ ಸ್ನೇಹಿತರನ್ನು ನೋಡು,
ಹದಿನೆಂಟು ವರ್ಷ
ಅಪಾಯಕ್ಕೇ ಬೆರಳು ತೋರಿಸಿ ಬೆಳೆಸಿದ ಕಣ್ಣು ಇದು.
ನಾಲ್ಕನೆಯ ಸಲಕ್ಕೆ ಹಾದೆ.
ಕಡವೆಯ ಕಿವಿ ಕನ್ನಡಿಗೆ ಸವರಿತು, ಅಷ್ಟೆ.

ರಾಸ್ಮುಸ್ ಕೇಳಿದ: "ಅರವತ್ತರಲ್ಲಿ ಬರಲಾ?"
"ಬಾ."
ಬಂದ. ಒತ್ತಿದ. ನಿಲ್ಲಲಿಲ್ಲ.
ಕಡವೆಯನ್ನು ಹೊತ್ತುಕೊಂಡು, ಕೋನುಗಳನ್ನು ಚೆಲ್ಲಿ,
ಬುಗುರಿಯಾಗಿ, ಬಂದ ದಾರಿಗೇ ಮುಖ ಮಾಡಿ ನಿಂತ.
ಮೇಷ್ಟ್ರು ಬೈಯಲಿಲ್ಲ.
ಐವತ್ತು ನಿಂತಲ್ಲಿ ಒಂದು ಕೋನು, ಅರವತ್ತು ನಿಂತಲ್ಲಿ ಒಂದು.
"ನಡುವೆ ನಡೆದು ಬಾ" ಎಂದರು.
ಇಪ್ಪತ್ತೇಳು ಹೆಜ್ಜೆ. ಎಲ್ಲರೂ ಎಣಿಸಿದೆವು,
ಅವನ ಬೂಟು ನೀರಿನಲ್ಲಿ ಚಪಚಪ ಎನ್ನುವುದು ಕೇಳಿಸುತ್ತಿತ್ತು.
ಟ್ರ್ಯಾಕ್ಟರಿನ ಸುದ್ದಿ ಮತ್ತೆ ಬರಲಿಲ್ಲ.

ಕ್ಯಾಂಟೀನಿನಲ್ಲಿ ಕಾಲುಚೀಲ ಹೆಣೆಯುತ್ತ ಕೂತಿದ್ದಳು ವೈಕೆ ಅಜ್ಜಿ.
ಹೀಯುಮಾ ದ್ವೀಪದವಳು.
ಅವಳು ಕಾರು ಕಲಿತಿದ್ದು ಹೆಪ್ಪುಗಟ್ಟಿದ ಕಡಲ ಮೇಲೆ.
ಅಲ್ಲಿಯ ಕಾಯಿದೆಯೇ ಬೇರೆ:
ಬೆಲ್ಟು ಕಟ್ಟಕೂಡದು, ಮಂಜು ಬಿರಿದರೆ ಹಾರಬೇಕು.
ತೀರಾ ನಿಧಾನ ಹೋಗು, ಇಲ್ಲವೇ ಬೇಗ ಹೋಗು,
ನಡುವಿನ ವೇಗದಲ್ಲಿ ಮಾತ್ರ ಬೇಡ,
ಮಂಜಿನಡಿಯ ಅಲೆ ಜೊತೆಗೇ ಓಡಿ ಬರುತ್ತದೆ.
ಈಗೀಗ ಕಡಲು ಅಷ್ಟು ಗಟ್ಟಿಯಾಗುವುದಿಲ್ಲ.
ಅವಳ ವಿದ್ಯೆಗೆ ದಾರಿಯೇ ಉಳಿದಿಲ್ಲ.

ನಾಲ್ಕಕ್ಕೇ ಕತ್ತಲು. ಎರಡೂ ಕಡೆ ಕಾಡು.
ಹಿಮ ಶುರುವಾಯಿತು, ಮೊದಲು ಹೌದೋ ಅಲ್ಲವೋ ಎಂಬಷ್ಟು,
ಆಮೇಲೆ ರಸ್ತೆ ಪೂರಾ ಬಿಳಿ.
ಪಕ್ಕದಲ್ಲಿ ಟಕ್ ಎಂದಿತು.
ಅಜ್ಜಿಯ ಬೆಲ್ಟು ಬಿಚ್ಚಿತ್ತು.

"ಅಜ್ಜೀ, ಇದರಡಿ ನೆಲ ಇದೆ."
"ಗೊತ್ತು," ಎಂದಳು, ಮತ್ತೆ ಸಿಕ್ಕಿಸಿಕೊಳ್ಳುತ್ತ,
"ಕೈಗೆ ಗೊತ್ತಿಲ್ಲ."

ಎಪ್ಪತ್ತರಲ್ಲಿದ್ದವಳು ಐವತ್ತಕ್ಕೆ ಇಳಿದೆ.
ಕಡವೆ ಬರಲಿಲ್ಲ, ಎದುರು ದೀಪವೂ ಇಲ್ಲ.
ಬೆಳಕಿನ ಮುಂದೆ ಖಾಲಿ, ಅದರ ಹಿಂದೆ ಇನ್ನೊಂದು,
ಅಜ್ಜಿಯ ಬಲಗಾಲು, ಇಲ್ಲದ ಬ್ರೇಕನ್ನು,
ಮೆಲ್ಲಗೆ ಒತ್ತುತ್ತಲೇ ಇತ್ತು.