ಕೋಷ್ಟಕ ಮೂರು

ಈ ಸಲ ನಮ್ಮ ದೇಶದ ತೇಗು ಕಡಿಮೆಯಾಗಿದೆ.
ಅಂದರೆ ಕುರಿ, ಆಡು, ಚಮರಿ, ಒಂಟೆ
ತಿಂದು ಗಾಳಿಗೆ ಬಿಟ್ಟ ಮೀಥೇನು.
ಹೋದ ವರದಿಗಿಂತ ಇಳಿಕೆ: ಬಾಣ ಕೆಳಮುಖ,
ಹಸಿರು ಬಣ್ಣದಲ್ಲಿ.

ಉಲಾನ್‌ಬಾತರಿನ ಮೂರನೇ ಮಹಡಿ. ಕಿಟಕಿಯಾಚೆ ಕಲ್ಲಿದ್ದಲ ಹೊಗೆ;
ಅದು ಬೇರೆ ಕೋಷ್ಟಕ, ಗನ್‌ಬೋಲ್ದನ ಪಾಲು.
ನನ್ನದು ಪ್ರಾಣಿಗಳು.
ತಲೆ ಎಣಿಸು, ಗುಣಾಂಕದಿಂದ ಗುಣಿಸು,
ಕುರಿಯೊಂದಕ್ಕೆ ವರ್ಷಕ್ಕೆ ಐದು ಕಿಲೋ.

‘ಇಳಿಕೆಗೆ ಕಾರಣ?’ ಕೇಳುತ್ತದೆ ನಮೂನೆ.
ಒಂದೇ ಸಾಲಿನ ಜಾಗ.

ಮಾರ್ಚಿನಲ್ಲಿ ದುಂದ್‌ಗೋವಿಗೆ ಹೋಗಿದ್ದೆ, ಎಣಿಕೆ ತಾಳೆ ನೋಡಲು.
ಮುದುಕ ದಂಬದರ್ಜಾ ಉಪ್ಪಿನ ಚಹಾ ಕೊಟ್ಟ,
ಆಮೇಲೆ ಡೇರೆಯ ಹಿಂದಕ್ಕೆ ಕರೆದೊಯ್ದ.
ಹಿಮ ಒಮ್ಮೆ ಕರಗಿ, ಮತ್ತೆ ಹೆಪ್ಪುಗಟ್ಟಿ,
ಹುಲ್ಲಿಗೆ ಬೀಗ ಜಡಿದಿತ್ತಂತೆ ಆ ಚಳಿಗಾಲ.
ಸೌದೆಯಂತೆ ಪೇರಿಸಿಟ್ಟಿದ್ದ,
ಮೂತಿಗಳೆಲ್ಲ ಒಂದೇ ಕಡೆಗೆ.
“ಮುನ್ನೂರ ಹನ್ನೊಂದು. ಬರೆದುಕೋ ಮಗಳೇ.
ಬಣ್ಣ ಬರೆಯುವುದಿಲ್ಲವಾ?”

ಬಣ್ಣಕ್ಕೆ ಕಾಲಂ ಇಲ್ಲ, ಅಂದೆ.
ಅವನು ಹೇಳುತ್ತಲೇ ಹೋದ:
ಕಪ್ಪು ಮೂತಿಯದು, ಬೂದಿ ಬೆನ್ನಿನದು,
ಒಂದು ಕಿವಿ ಮಾತ್ರ ಕೆಂಪಗಿದ್ದದ್ದು, ಅದರ ತಾಯಿ,
ಹುಟ್ಟಿದ ದಿನವೇ ಸತ್ತ ಹೆಸರಿಲ್ಲದ್ದು.
ನನ್ನ ಪೆನ್ನಿನ ಶಾಯಿ ಗಡ್ಡೆಕಟ್ಟಿತ್ತು.
ಸುಮ್ಮನೆ ಕೇಳಿಸಿಕೊಂಡೆ, ಕಾಲು ಮರಗಟ್ಟುವವರೆಗೆ.

ನಾಳೆ ಈ ಕಡತ ಜರ್ಮನಿಗೆ ಹೋಗುತ್ತದೆ.
ಬೆಚ್ಚನೆಯ ಕೋಣೆಯಲ್ಲಿ ಯಾರೋ ಓದಿ
ಪ್ರಗತಿ ಎಂದು ತಲೆದೂಗಬಹುದು.
‘ಜಾನುವಾರು ಸಂಖ್ಯೆಯಲ್ಲಿ ಕುಸಿತ’
ಎಂದು ಬರೆದಿದ್ದೆ. ಅಳಿಸಿದೆ.
‘ಹಸಿವು’ ಎಂದು ಟೈಪಿಸಿದೆ.

ಗನ್‌ಬೋಲ್ದ್ ನನ್ನ ಹೆಗಲ ಮೇಲಿಂದ ಇಣುಕಿದ.
ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಆಮೇಲೆ, ಮೆಲ್ಲಗೆ,
“ಇದಕ್ಕೆ ಏಕಮಾನ ಯಾವುದು?” ಅಂದ.