ಅರವತ್ತೈದನೆಯ ಪ್ರಶ್ನೆ

ಕೇಂದ್ರಕ್ಕೆ ಮೂರು ಕೋಣೆ, ಒಂದು ಜೆರಾಕ್ಸ್ ಮೆಷಿನ್ನು,
ರೇಷ್ಮೆ ಇಲಾಖೆಯವರು ಬಿಟ್ಟುಹೋದ ಕಬ್ಬಿಣದ ಬೀರು.
ಬಾಗಿಲ ಮೇಲೆ ಇನ್ನೂ ಅಂಟಿಕೊಂಡಿದೆ
ಯಾರದೋ ದುಂಡು ಅಕ್ಷರ: ಮೊಟ್ಟೆ ಲೆಕ್ಕ, ೧೯೮೭.
ಒಳಗೀಗ ನಮ್ಮ ಪ್ರಶ್ನಾವಳಿಗಳ ಕಟ್ಟು.
ಕಿಟಕಿಯಾಚೆ ನಂದಿಬೆಟ್ಟದ ಬೆನ್ನು,
ಮಂಜಿದ್ದ ದಿನ ಅದೂ ಇಲ್ಲ.

ನನ್ನ ಕೆಲಸ ಕೇಳುವುದು.
ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ
ಇನ್ನೂರ ಹನ್ನೊಂದು ಹೆಂಗಸರು,
ಒಬ್ಬೊಬ್ಬರಿಗೂ ಅರವತ್ನಾಲ್ಕು ಪ್ರಶ್ನೆ.
ಹೌದೆಂದರೆ ಒಂದು, ಇಲ್ಲವೆಂದರೆ ಎರಡು.
ಗೊತ್ತಿಲ್ಲವೆಂದರೆ, ಸುಮ್ಮನೆ ನಕ್ಕರೆ,
ಒಲೆಯ ಕಡೆ ಮುಖ ತಿರುಗಿಸಿದರೆ
ತೊಂಬತ್ತೊಂಬತ್ತು.

ಖಮರುನ್ನೀಸಾ ನಲವತ್ತೇಳನೆಯವಳು.
ಕುದಿನೀರಲ್ಲಿ ಗೂಡು ಉರುಳಾಡುತ್ತಿದ್ದವು,
ಅವಳ ಬೆರಳು ಅದರೊಳಗೇ ಇಳಿದು
ನನ್ನ ಕಣ್ಣಿಗೆ ಕಾಣದ ಎಳೆಯ ತುದಿ ಹಿಡಿದು
ಚರಕಕ್ಕೆ ಕೊಡುತ್ತಿತ್ತು.
ಹುಳದ ವಾಸನೆ ಅವಳ ಸೆರಗಿಗೆ, ಗೋಡೆಗೆ,
ನನ್ನ ಕಾಗದಕ್ಕೆ.

ದಿನಕ್ಕೆ ಎಷ್ಟು ಗಂಟೆ ಕೆಲಸ?
‘ಗೂಡು ಮುಗಿಯೋಗಂಟ.’
ಎಷ್ಟು ಹೊತ್ತಿಗೆ ಮುಗಿಯುತ್ತೆ?
‘ಅವರು ಮಾರ್ಕೆಟ್ನಿಂದ ಎಷ್ಟು ತಂದವ್ರೆ ನೋಡ್ಬೇಕು.
ಕರೆಂಟು ನೋಡ್ಬೇಕು.’
ಕಾಲಮ್ಮಿಗೆ ಬೇಕಾದದ್ದು ಅಂಕಿ.
ಹತ್ತು ಅಂತ ಬರೆದೆ.
ಹತ್ತು ಅಂತ ಅವಳು ಹೇಳಿರಲಿಲ್ಲ.

ಒಪ್ಪಿಗೆ ಪತ್ರ ಮೊದಲೇ ಹಾಕಿಸಬೇಕಿತ್ತು,
ಕೈ ಒದ್ದೆಯಿತ್ತು, ಕೊನೆಗೆ ಉಳಿಯಿತು.
ಓದಿ ಹೇಳಿದೆ: ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ,
ಬೇಡವೆನಿಸಿದರೆ ನಡುವೆಯೇ ಎದ್ದು ಹೋಗಬಹುದು.
‘ಎಲ್ಲಿಗೆ?’ ಅಂದಳು.
ಪಕ್ಕದ ಒಲೆಯವರೂ ನಕ್ಕರು.

ಸೆರಗಿಗೆ ಒರೆಸಿಕೊಂಡು ಹೆಬ್ಬೆಟ್ಟು ನೀಡಿದಳು.
ಇಂಕಿಗೆ ಒತ್ತಿದೆ, ಕಾಗದಕ್ಕೆ ಒತ್ತಿದೆ.
ಬಿದ್ದದ್ದು ಬರೀ ನೀಲಿ ಮಚ್ಚೆ,
ಸುಳಿಯಿಲ್ಲ, ಗೆರೆಯಿಲ್ಲ,
ನೇರಳೆ ಹಣ್ಣು ಸಿಮೆಂಟಿನ ಮೇಲೆ ಬಿದ್ದ ಹಾಗೆ.
‘ರೇಷನ್ ಅಂಗಡಿ ಮೆಷಿನ್ನೂ ಹಿಂಗೇ ಅಂತೈತೆ,
ನೀನು ನೀನಲ್ಲ ಅಂತ.
ಮಗಳನ್ನ ಕರ್ಕೊಂಡು ಹೋಗ್ತೀನಿ.
ಅವಳ ಬೆರಳು ಇನ್ನೂ ಐತೆ.’

ಮೂರನೇ ವಾರ ನೈತಿಕ ಸಮಿತಿಯ ಟಿಪ್ಪಣಿ:
ಮೂವತ್ತೆಂಟು ಪತ್ರಗಳಲ್ಲಿ ಗುರುತು ಅಸ್ಪಷ್ಟ.
ಮತ್ತೆ ಪಡೆಯುವುದು, ಇಲ್ಲವೇ ಕೈಬಿಡುವುದು.

ಟೈಪು ಮಾಡುವ ಮುನಿಶಾಮಪ್ಪ
ಒಂದೊಂದೇ ಹಾಳೆ ಕಿಟಕಿಯ ಬೆಳಕಿಗೆ ಹಿಡಿದ.
ಚಿಂತಾಮಣಿ ಕಡೆಯವನು, ಮಾತು ಕಮ್ಮಿ.
‘ನಮ್ಮಮ್ಮಂದೂ ಇಂಗೇ ಇತ್ತು’ ಅಂದವನೇ
ಹಾಳೆಗಳ ಅಂಚು ಮೇಜಿಗೆ ಕುಟ್ಟಿ ಸರಿಮಾಡಿದ.

ಲೋಲಾಕ್ಷಿ ಮೇಡಂ ನಿವೃತ್ತಿಗೆ ಎಂಟು ತಿಂಗಳು.
ಆಯೋಗಗಳಿಗೆ, ಸಮಿತಿಗಳಿಗೆ, ಬದಲಾದ ಸರ್ಕಾರಗಳಿಗೆ
ವರದಿ ಬರೆದು ಬರೆದು ಸಣ್ಣಗಾದ ದನಿ.
ಕನ್ನಡಕ ತೆಗೆದು ಬಹಳ ಹೊತ್ತು ನೋಡಿದರು.
‘ಅರವತ್ನಾಲ್ಕು ಕೇಳಿದೆವು,
ಕೈಯ ಬಗ್ಗೆ ಒಂದೂ ಇಲ್ಲವಲ್ಲ.’
ಆಮೇಲೆ ಅನುದಾನದ ಮಾತು ಬಂತು:
ಮಾರ್ಚಿಗೆ ಮುಗಿಯುತ್ತದೆ, ಪ್ರಶ್ನೆ ಸೇರಿಸಿದರೆ
ಮತ್ತೆ ಅನುಮತಿ, ಮತ್ತೆ ಅದೇ ಸಮಿತಿ.
ಮಚ್ಚೆಗೆ ಯಾವ ಸಂಖ್ಯೆ ಕೊಡುವುದು ಅಂತ
ಮಧ್ಯಾಹ್ನದ ಟೀ ತಣ್ಣಗಾಗುವವರೆಗೂ ಜಗಳ.
ಸೊನ್ನೆ ಬೇಡ ಅಂದರು ಮೇಡಂ,
ಸೊನ್ನೆಯನ್ನು ಯಾರೂ ಓದುವುದಿಲ್ಲ.

ಸೋಮವಾರ ಬೆಳಗ್ಗೆ ಮೊದಲ ಬಸ್ಸು.
ಬ್ಯಾಗಿನಲ್ಲಿ ಮೂವತ್ತೆಂಟು ಹೊಸ ಪತ್ರ,
ಒಂದು ಪ್ರಶ್ನೆಯಷ್ಟೇ ಇರುವ ಸಣ್ಣ ಚೀಟಿ,
ಅನುಮತಿ ಇನ್ನೂ ಬಂದಿಲ್ಲ.
ಖಮರುನ್ನೀಸಾ ತಲೆಯೆತ್ತಲಿಲ್ಲ,
ಎಳೆ ತುಂಡಾಗಿತ್ತು, ತುದಿ ಹುಡುಕುತ್ತಿದ್ದಳು.
ಸಿಕ್ಕಿದ ಮೇಲೆ ಕೇಳಿದಳು:

‘ಆವತ್ತು ಅಷ್ಟೊಂದು ಬರ್ಕೊಂಡು ಹೋದ್ಯಲ್ಲಮ್ಮ,
ಅದೆಲ್ಲ ಏನಾಯ್ತು?’

ನಾನು ನಕ್ಕೆ.
ಒಲೆಯ ಕಡೆ ನೋಡಿದೆ.